ಬೇಡ ಅನ್ನದವರ ಮನೆ

ಅಕ್ಷರ ಕಲಿಸುವ ಮೊದಲೇ ಮನೆಯಲ್ಲಿ ನನಗೆ ಕಲಿಸಿದ ಪಾಠವೆಂದರೆ, ನನ್ನ ಸ್ವರ ಸರಿಯಿಲ್ಲ ಎಂಬುದು. ನಾನು ಏನು ಹೇಳಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೇಳಿದ್ದು ಸರಿಯೋ ತಪ್ಪೋ ಎಂಬ ವಿಚಾರಣೆಯೇ ಇಲ್ಲ. ಪಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ "ಎಂತ ಸ್ವರ ಅದು?" ಎಂದರೆ ಮುಗಿಯಿತು, ನಾನು ಎದ್ದು ಗ್ಯಾಲರಿಗೆ ಹೋಗಿ ನಿಲ್ಲಬೇಕು. ಡೊಂಬಿವಲಿ ಈಸ್ಟಿನ ನಮ್ಮ ಮನೆಯ ಗ್ಯಾಲರಿ ಎಂದರೆ ಒಂದು ವಾಷಿಂಗ್ ಮಷೀನು, ಎಣ್ಣೆ ಡಬ್ಬದಲ್ಲಿ ನೆಟ್ಟ ತುಳಸಿ, ತಲೆಗೆ ತಾಗುವ ಒದ್ದೆ ಬಟ್ಟೆಗಳು, ಇವುಗಳ ನಡುವೆ ಒಂದು ಹುಡುಗಿ ನಿಲ್ಲುವಷ್ಟು ಜಾಗ. ಕೆಳಗೆ ರಿಕ್ಷಾದವರು ಗಂಟಲು ಹರಿಯುವಂತೆ ಕಿರುಚುತ್ತಿದ್ದರು, ತರಕಾರಿ ಮಾರುವ ಭಾಜಿವಾಲಿ ಇನ್ನೂ ಜೋರಾಗಿ ಕಿರುಚುತ್ತಿದ್ದಳು. ಅವರ ಸ್ವರದ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ಇಡೀ ಡೊಂಬಿವಲಿಯಲ್ಲಿ ತಿದ್ದಬೇಕಾದ ಸ್ವರ ಇದ್ದದ್ದು ನನ್ನದು ಮತ್ತು ಅಮ್ಮನದು ಮಾತ್ರ. ಈಗಲೂ ನೆನೆದರೆ ಮೈ ಉರಿಯುತ್ತದೆ.

ನಮ್ಮದು ಒನ್ ರೂಮ್ ಕಿಚನ್. ಹಾಲಿನಲ್ಲಿ ಒಂದು ದಿವಾನ, ಅದರ ಮೇಲಿನ ಗೋಡೆಗೆ ಗಾಜಿನ ಶೋಕೇಸು, ಶೋಕೇಸಿನ ತುಂಬ ಪಪ್ಪನಿಗೆ ಕೊಟ್ಟ ಸ್ಮರಣಿಕೆಗಳು. ಪಪ್ಪ ತುರ್ಭೆಯ ಕಾರ್ಖಾನೆಗಳ ನಡುವಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅದು ಹೊಟ್ಟೆಪಾಡು. ಅವರ ಹೆಸರು ಇದ್ದದ್ದು ತಾಳಮದ್ದಲೆಯಲ್ಲಿ. ಬಣ್ಣವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಪಂಚೆ ಶಾಲು ತೊಟ್ಟು ಕುಳಿತವರೇ ಪುರಾಣದ ರಾಜರೂ ದೂತರೂ ಆಗಿ ಬರೀ ಮಾತಿನಲ್ಲಿ ಜಿದ್ದಿಗೆ ಬೀಳುವ ಕಲೆ ಅದು. ಭಾನುವಾರ ಮಧ್ಯಾಹ್ನ ನಮ್ಮೂರ ಕಡೆಯವರ ಸಂಘದ ಹಾಲಿನಲ್ಲಿ ಪಪ್ಪ ಅರ್ಥ ಹೇಳುತ್ತಾರೆ ಎಂದರೆ ಕುರ್ಚಿ ಸಾಲುತ್ತಿರಲಿಲ್ಲ. ಅವರಿಗೆ ಇಷ್ಟವಾದದ್ದು ದೂತನ ಪಾತ್ರ. ಎದುರಿಗೆ ಕುಳಿತ ರಾಜನನ್ನು ಹೊಗಳುವರು. ಒಂದು ಕೆಟ್ಟ ಶಬ್ದ ಇಲ್ಲ. ತಮ್ಮಂಥ ಧರ್ಮಿಷ್ಠರು, ತಮ್ಮಂಥ ಉದಾರಿಗಳು ಎನ್ನುತ್ತ ಎನ್ನುತ್ತಲೇ ಆ ರಾಜನ ಮಾನ ಹರಾಜಿಗೆ ಇಡುವರು. ಸಭೆ ಬಿದ್ದು ಬಿದ್ದು ನಗುತ್ತಿತ್ತು. ನಾನೂ ನಕ್ಕಿದ್ದೇನೆ. ಸುಳ್ಳು ಯಾಕೆ ಹೇಳಲಿ, ಆ ವಿದ್ಯೆಯಲ್ಲಿ ಅವರಿಗೆ ಸಾಟಿ ಇರಲಿಲ್ಲ.

ಆ ವಿದ್ಯೆ ಸಂಘದ ಹಾಲಿನಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿಲ್ಲ. ಅದು ಚಪ್ಪಲಿ ಬಿಟ್ಟು ಮನೆಯೊಳಗೂ ಬರುತ್ತಿತ್ತು. ಬಂಗುಡೆ ಮೀನಿನ ಗಸಿಗೆ ಉಪ್ಪು ಕಡಿಮೆಯಾದರೆ ಉಪ್ಪು ಕಡಿಮೆ ಎನ್ನುವ ಮನುಷ್ಯರಲ್ಲ. "ಹೋ, ಇವತ್ತು ಡಾಕ್ಟರರ ಅಡುಗೆ. ನನ್ನ ಬಿಪಿಯ ಮೇಲೆ ಎಷ್ಟು ಪ್ರೀತಿ!" ಎನ್ನುವರು. ಕುಚ್ಚಲಕ್ಕಿ ಗಂಜಿ ಆರಿದ್ದರೆ, "ಪಾಪ, ನಮ್ಮ ನಾಲಿಗೆ ಸುಡಬಾರದು ಅಂತ ಬೆಳಿಗ್ಗೆಯೇ ಮಾಡಿಟ್ಟಿದ್ದಾಳೆ" ಎನ್ನುವರು. ಊರಿನಿಂದ ಬಂದ ನೆಂಟರು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಎಂಥ ತಮಾಷೆಯ ಮನುಷ್ಯ, ನಿನ್ನ ಪುಣ್ಯ ಮಾರಾಯ್ತಿ ಎಂದು ಅಮ್ಮನಿಗೆ ಹೇಳಿ ಹೋಗುತ್ತಿದ್ದರು. ಪುಣ್ಯವಂತೆ ಪುಣ್ಯ! ಒಂದು ಸಲ ಅಮ್ಮ ಅದೇ ಧಾಟಿಯಲ್ಲಿ, ನಾಳೆಯಿಂದ ನಿಮ್ಮ ಹೋಟೆಲಿನ ಭಟ್ಟರಿಗೆ ರಜೆ ಕೊಟ್ಟು ಇಲ್ಲಿಗೆ ಕಳಿಸಿ, ಅವರೂ ಸ್ವಲ್ಪ ಪ್ರೀತಿ ಕಲಿಯಲಿ ಎಂದಳು. ಪಪ್ಪ ಕೈ ತೊಳೆದು ಎದ್ದರು. ಆಮೇಲೆ ಹಾಲಿನಲ್ಲಿ ಎರಡು ದಿನ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವರು ಹೇಳಿದರೆ ಹಾಸ್ಯ, ಅವಳು ಹೇಳಿದರೆ ಸ್ವರ. ಈ ಕಾನೂನು ಬರೆದವರು ಯಾರು ಎಂದು ನನಗೆ ಇವತ್ತಿಗೂ ಯಾರೂ ಹೇಳಿಲ್ಲ.

ಅಮ್ಮ ಮಂಗಳೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಬಂದ ಮೇಲೆ ಆ ಎಂ.ಎ. ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಕುಳಿತಿತ್ತು. ನಾನು ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಅವಳು ಮನೆಯಲ್ಲೇ ಬಿ.ಎ. ಹುಡುಗ ಹುಡುಗಿಯರಿಗೆ ಟ್ಯೂಶನ್ ಹೇಳತೊಡಗಿದಳು. ಸಂಜೆ ದಿವಾನವನ್ನು ಗೋಡೆಗೆ ಒತ್ತಿ ಚಾಪೆ ಹಾಸಿದರೆ ಹಾಲೇ ಕ್ಲಾಸು. ಕಲ್ಯಾಣದವರು, ಡೊಂಬಿವಲಿಯ ಮರಾಠಿಯವರು, ಮುಂಬ್ರಾದಿಂದ ಟ್ರೇನು ಹಿಡಿದು ಬರುತ್ತಿದ್ದ ನಸ್ರೀನ್ ಎಂಬ ಚುರುಕು ಹುಡುಗಿ. ನಾನು ಅಡುಗೆ ಕೋಣೆಯ ಬಾಗಿಲಲ್ಲಿ ಹೋಮ್‌ವರ್ಕ್ ಹಿಡಿದು ಕೂರುತ್ತಿದ್ದೆ. ಕಿವಿಯೆಲ್ಲ ಅಮ್ಮನ ಕಡೆಗೆ. ಕ್ಲಾಸಿನಲ್ಲಿ ಅಮ್ಮನ ಸ್ವರ ಬೇರೆಯೇ. ಗಂಟಲು ಬಿಚ್ಚಿ, ಕೈ ಬೀಸಿ, ಅರ್ಧ ಇಂಗ್ಲಿಷ್ ಅರ್ಧ ಹಿಂದಿಯಲ್ಲಿ ಪಾಠ ಮಾಡುತ್ತಿದ್ದಳು. ಲೋಡ್‌ಶೆಡ್ಡಿಂಗ್ ಆಗಿ ಫ್ಯಾನು ನಿಂತರೂ ಅವಳು ನಿಲ್ಲುತ್ತಿರಲಿಲ್ಲ. ಇಷ್ಟು ದೊಡ್ಡ ಸ್ವರ ಇವಳು ಉಳಿದ ಹೊತ್ತು ಎಲ್ಲಿ ಬಚ್ಚಿಡುತ್ತಾಳೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ಅವರ ಪಠ್ಯದಲ್ಲಿ ಅಮೆರಿಕದ ಒಂದು ಹಳೆಯ ಕಾದಂಬರಿ ಇತ್ತು. ಕತೆ ಹೇಳುವವನು ಚಿಕ್ಕವನು, ಏನೂ ಅರಿಯದವನು. ಊರಿನ ದೊಡ್ಡ ಮನುಷ್ಯರ ಮನೆಯನ್ನು ವರ್ಣಿಸುತ್ತಾನೆ. ಆಹಾ ಎಂಥ ಒಳ್ಳೆಯವರು, ತಲೆ ತಗ್ಗಿಸಿ ಪ್ರಾರ್ಥನೆ ಮಾಡದೆ ತುತ್ತು ಎತ್ತುವುದಿಲ್ಲ ಎನ್ನುತ್ತಾನೆ. ಅದೇ ಮನೆಯಲ್ಲಿ ಬಡಿಸುವವರು ದುಡ್ಡು ಕೊಟ್ಟು ಕೊಂಡು ತಂದ ಮನುಷ್ಯರು. ಟೋನ್, ಮೂಡ್, ಸಟೈರ್ ಈ ಮೂರು ಪರೀಕ್ಷೆಗೆ ಬರುವುದು ಖಂಡಿತ ಎಂದು ಮಕ್ಕಳು ಗೈಡಿನಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಅರ್ಥ ಮಾತ್ರ ಒಬ್ಬರಿಗೂ ಆಗಿರಲಿಲ್ಲ. ನಸ್ರೀನ್ ಪುಟವನ್ನು ಎರಡು ಸಲ ಓದಿ, ಮ್ಯಾಡಮ್, ಇವನು ಅವರನ್ನು ತಾರೀಫ್ ಮಾಡುತ್ತಿದ್ದಾನೆ, ಬೈದದ್ದು ಎಲ್ಲಿದೆ ಎಂದು ಹಿಂದಿಯಲ್ಲಿ ಕೇಳಿದಳು. ಅಮ್ಮ ಪುಸ್ತಕ ಮುಚ್ಚಿದಳು. ಯಾವುದೇ ಹೊಗಳಿಕೆ ಕೇಳಿದ ಮೇಲೆ ಒಂದು ಕೆಲಸ ಮಾಡಿ, ಆ ಕೋಣೆಯಲ್ಲಿ ಕೂತವರು ಯಾರು, ನಿಂತವರು ಯಾರು ಅಂತ ನೋಡಿ, ಹೊಗಳುವವನು ನಿಮಗೆ ಅದನ್ನೇ ತೋರಿಸುತ್ತಿದ್ದಾನೆ ಎಂದಳು. ನಾನು ಅಡುಗೆ ಕೋಣೆಯ ಹೊಸ್ತಿಲಲ್ಲಿ ಕೂತು ಒಂದು ಕ್ಷಣ ನಮ್ಮ ಮನೆಯ ಊಟದ ಹೊತ್ತನ್ನು ಹಾಗೆಯೇ ನೆನೆದು ನೋಡಿದೆ. ನಗಿಸುವವರು ಕೂತಿದ್ದರು, ಬಡಿಸುವವಳು ನಿಂತಿದ್ದಳು.

ಅವತ್ತೇ ಪಾಠ ಇನ್ನೂ ನಡೆಯುತ್ತಿರುವಾಗ ಪಪ್ಪ ಬೇಗ ಬಂದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿದರು. ಒಳಗೆ ಕಾಲಿಡಲಿಲ್ಲ. ನಗುನಗುತ್ತಲೇ ಹಿಂದಿಯಲ್ಲಿ, "ಅರೆ ಚಲ್‌ನೇ ದೋ, ಚಲ್‌ನೇ ದೋ. ಯೂನಿವರ್ಸಿಟಿ ಹೈ. ಹಮ್ ಬಾಹರ್ ಖಡೇ ರಹೇಂಗೆ" ಎಂದರು. ನಡೆಯಲಿ, ನಾವು ಹೊರಗೆ ನಿಲ್ಲುತ್ತೇವೆ ಎಂದೇ ಹೇಳಿದ್ದು, ಕೇಳಿದಿರಲ್ಲ. ಹಾಗೆ ಹೇಳಿ ಪ್ಯಾಸೇಜಿನಲ್ಲಿ, ಒಳಗಿನ ಎಲ್ಲರಿಗೂ ಕಾಣುವಂತೆ, ಹೋಟೆಲಿನಿಂದ ತಂದ ಪಾರ್ಸೆಲ್ ಚೀಲ ಹಿಡಿದು ನಿಂತರು. ಮಕ್ಕಳು ಒಬ್ಬೊಬ್ಬರಾಗಿ ಪುಸ್ತಕ ಮಡಿಸಿದರು. ತಲೆ ಬಗ್ಗಿಸಿ ಚಪ್ಪಲಿ ಹುಡುಕಿದರು. ಅಮ್ಮ ಚಾಪೆ ಸುತ್ತಿದಳು.

ಮರುದಿನ ಕ್ಲಾಸಿನಲ್ಲಿ ಅವಳು ಮೊದಲು ಕೇಳಿದ್ದೇ ಇದು.

"ನಿನ್ನೆ ಸರ್ ಏನು ಹೇಳಿದರು?"

"ಚಲ್‌ನೇ ದೋ ಅಂದರು, ಮ್ಯಾಡಮ್."

"ನೀವು ಏನು ಮಾಡಿದಿರಿ?"

ಎದ್ದು ಹೋದೆವು ಎಂದಳು ನಸ್ರೀನ್. ಹಾಗಾದರೆ ನಿಮ್ಮನ್ನು ಎಬ್ಬಿಸಿದ್ದು ಶಬ್ದ ಅಲ್ಲ, ಅದೇ ಟೋನ್ ಎಂದಳು ಅಮ್ಮ. ಆಮೇಲೆ ಮೆಟ್ಟಿಲು ಇಳಿಯುವಾಗ ಒಬ್ಬರೂ ಮಾತಾಡಲಿಲ್ಲವಲ್ಲ, ಅದು ಮೂಡ್. ಗೈಡಿನಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿದ್ದರೆ ಅದನ್ನೇ ಬರೆಯಿರಿ ಎಂದಳು. ಮಕ್ಕಳು ತಲೆ ತಗ್ಗಿಸಿ ನಕ್ಕರು. ನನಗೆ ನಗು ಬರಲಿಲ್ಲ. ಪರೀಕ್ಷೆಗೆ ಬೇಕಾದ ಉದಾಹರಣೆ ಮನೆಯಲ್ಲೇ, ಅದೂ ದಿನಾ ಸಂಜೆ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂದರೆ ನಗುವುದು ಹೇಗೆ?

ಮಳೆಗಾಲದ ಕೊನೆಗೆ ಅಮ್ಮನಿಗೆ ವಾಶಿಯ ಒಂದು ಕಾಲೇಜಿನಿಂದ ಕರೆ ಬಂತು. ಇಂಗ್ಲಿಷ್ ಕಲಿಸುವ ಕೆಲಸ. ಸೋಮವಾರ ಬಂದು ಸೇರಬೇಕು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು. ಅಮ್ಮ ಫೋನು ಇಟ್ಟು ಅಡುಗೆ ಕೋಣೆಗೆ ಹೋಗಿ, ಯಾವ ಕಾರಣವೂ ಇಲ್ಲದೆ ಎಲ್ಲ ಸ್ಟೀಲಿನ ಡಬ್ಬಗಳನ್ನೂ ಇಳಿಸಿ ಒರೆಸಿದಳು. ಅವಳ ಮುಖ ಅಷ್ಟು ಬೆಳಗಿದ್ದು ನಾನು ನೋಡಿರಲಿಲ್ಲ. ಊಟದ ಹೊತ್ತಿಗೆ ಪಪ್ಪನಿಗೆ ಹೇಳಿದಳು. ಪಪ್ಪ ಅನ್ನ ಕಲಸುತ್ತಲೇ ಕೇಳಿಸಿಕೊಂಡು ಹೇಳಿದರು.

"ನಾನು ಬೇಡ ಅನ್ನುವುದಿಲ್ಲ."

ಅಷ್ಟೇ. ಅಲ್ಲಿಂದ ಶುರುವಾಯಿತು ನೋಡಿ. ಬೇಡ ಅನ್ನುವುದಿಲ್ಲ, ಠಾಣೆಯಲ್ಲಿ ಟ್ರೇನು ಬದಲಿಸುವ ರಶ್ಶಿನಲ್ಲಿ ನಿನ್ನ ಸೊಂಟ ಉಳಿದರೆ ಆಯಿತು. ಅದೇ ಠಾಣೆಯಲ್ಲಿ ಇಳಿದು ಅದೇ ಟ್ರೇನು ಹತ್ತಿ ದಿನಾ ತುರ್ಭೆಗೆ ಹೋಗುವವರು ಅವರೇ! ಬೇಡ ಅನ್ನುವುದಿಲ್ಲ, ಮಗಳ ಹತ್ತನೇ ಕ್ಲಾಸು ಹೇಗೂ ಅವಳದೇ ಹಣೆಬರಹ. ಬೇಡ ಅನ್ನುವುದಿಲ್ಲ, ನನಗೇನು, ಹೋಟೆಲಿನವನು, ಅಲ್ಲೇ ನಾಲ್ಕು ಇಡ್ಲಿ ತಿಂದರೆ ಆಯಿತು. ಮನೆಗೆ ಬಂದವರಿಗೆಲ್ಲ ಪ್ರೊಫೆಸರ್ ಮೇಡಮ್ಮಿನ ಕೈಯ ಕಾಫಿ ಕುಡಿಯಿರಿ, ಇನ್ನು ಸಿಗುವುದಿಲ್ಲ ಎಂದು ಕೊಡಿಸಿದರು. ಅಮ್ಮ ಕಾಫಿ ತಂದು ಕೊಟ್ಟಳು. ದಿನದಿಂದ ದಿನಕ್ಕೆ ಅವಳ ಮುಖ ಆರುತ್ತ ಬಂತು. ಒಮ್ಮೆ ನಾನು ತಡೆಯಲಾರದೆ ಪಪ್ಪನ ಎದುರು ನಿಂತು, ಅಮ್ಮ ಹೋಗಬಹುದಾ ಇಲ್ಲವಾ, ಒಂದು ಮಾತು ಹೇಳಿ ಎಂದು ಕೇಳಿದೆ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಉತ್ತರದ ಪ್ರಶ್ನೆ. ಅವರು ಕೊಟ್ಟದ್ದು ಮೂರನೆಯದು.

"ಎಂತ ಸ್ವರ ಅದು?"

ಹತ್ತನೇ ಕ್ಲಾಸಿನ ಹುಡುಗಿ ನಾನು, ಮತ್ತೆ ಗ್ಯಾಲರಿಯಲ್ಲಿ ಒದ್ದೆ ಬಟ್ಟೆಗಳ ನಡುವೆ ನಿಂತೆ. ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬಿ ಕೆಳಗಿನ ರಸ್ತೆ ಕಾಣುತ್ತಿರಲಿಲ್ಲ. ಅಮ್ಮ ಬಟ್ಟೆ ತೆಗೆಯುವ ನೆಪದಲ್ಲಿ ಬಂದು ಪಕ್ಕ ನಿಂತಳು. ನೀನು ಯಾಕೆ ಜಗಳ ಆಡುವುದಿಲ್ಲ ಎಂದು ಕೇಳಿದೆ. ಅವಳು ಕ್ಲಿಪ್ಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಹೇಳಿದಳು.

"ಬೇಡ ಅಂದಿದ್ದರೆ ಆಡುತ್ತಿದ್ದೆ ಮಗಾ. ಬೇಡ ಅನ್ನದವರ ಹತ್ತಿರ ಎಂತ ಅಂತ ಜಗಳ ಆಡುವುದು? ಸೋಮವಾರ ಫೋನು ಮಾಡಿ ಆಗುವುದಿಲ್ಲ ಅಂತ ಹೇಳಿಬಿಡುತ್ತೇನೆ."

ಆ ಸೋಮವಾರದ ಹಿಂದಿನ ದಿನ, ಭಾನುವಾರವೇ ಸಂಘದ ವಾರ್ಷಿಕೋತ್ಸವ. ಪ್ರತಿವರ್ಷ ಒಂದು ಜೋಡಿಯನ್ನು ವೇದಿಕೆಗೆ ಕರೆದು ಆದರ್ಶ ದಂಪತಿ ಎಂದು ಸನ್ಮಾನ ಮಾಡುವ ಪದ್ಧತಿ ನಮ್ಮವರಲ್ಲಿ. ಆ ವರ್ಷ ಪಪ್ಪ ಮತ್ತು ಅಮ್ಮ. ಶಾಲು, ಹಣ್ಣಿನ ಬುಟ್ಟಿ, ಪಪ್ಪನಿಗೆ ಮೈಸೂರು ಪೇಟ. ಮೊದಲು ಪಪ್ಪ ಮಾತಾಡಿದರು. ಹೆಣ್ಣು ಕಲಿತರೆ ಮನೆಯೇ ಕಲಿತ ಹಾಗೆ, ನನ್ನ ಹೆಂಡತಿಗೆ ಕಾಲೇಜಿನಿಂದ ಕರೆ ಬಂದಿದೆ, ನಾನು ಬೇಡ ಅನ್ನಲಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿದರು. ಚಪ್ಪಾಳೆಯೋ ಚಪ್ಪಾಳೆ. ನನಗೆ ಕುರ್ಚಿ ಎತ್ತಿ ಒಗೆಯುವಷ್ಟು ಕೋಪ. ಆಮೇಲೆ ಅಧ್ಯಕ್ಷರು ರೂಢಿಯಂತೆ, ಇನ್ನು ಅಮ್ಮನವರು ಪತಿಯ ಬಗ್ಗೆ ಎರಡು ಮಾತು ಹೇಳಬೇಕು ಎಂದರು. ಹೆಂಗಸರು ಸಾಮಾನ್ಯವಾಗಿ ಎಲ್ಲ ಇವರ ಆಶೀರ್ವಾದ ಎಂದು ಮೈಕು ವಾಪಸು ಕೊಡುವುದು ವಾಡಿಕೆ. ಅಮ್ಮ ಮೈಕು ಹಿಡಿದಳು. ಸೆರಗು ಸರಿಮಾಡಿಕೊಂಡಳು. ಗಂಟಲು ಬಿಚ್ಚಿದಾಗ ನನಗೆ ಜುಮ್ಮೆಂದಿತು. ಅದು ಸಂಜೆಯ ಕ್ಲಾಸಿನ ಸ್ವರ.

"ಇವರ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ಮದುವೆಯಾದಂದಿನಿಂದ ಇವರು ನನಗೆ ಯಾವುದನ್ನೂ ಬೇಡ ಅಂದವರಲ್ಲ. ಮುಂದೆ ಓದುತ್ತೇನೆ ಅಂದೆ, ಓದು ಅಂದರು. ಹಾಲಿನ ಲೈಟಿನಲ್ಲಿ ನನ್ನ ಕಣ್ಣು ಹಾಳಾಗಬಾರದು ಅಂತ ಅದನ್ನು ಆರಿಸಿ, ನನಗೆ ಅಡುಗೆ ಕೋಣೆ ಬಿಟ್ಟುಕೊಟ್ಟರು. ಮಕ್ಕಳಿಗೆ ಪಾಠ ಹೇಳುತ್ತೇನೆ ಅಂದೆ, ಹೇಳು ಅಂದರು. ಪಾಠಕ್ಕೆ ತೊಂದರೆ ಆಗಬಾರದು ಅಂತ ತಾವೇ ಬಾಗಿಲ ಹೊರಗೆ ನಿಂತರು. ಎಷ್ಟು ಚೆನ್ನಾಗಿ ನಿಂತರೆಂದರೆ ಮಕ್ಕಳಿಗೆ ಪುಸ್ತಕ ಕಾಣಲಿಲ್ಲ, ಇವರೇ ಕಂಡರು. ಈಗ ಕಾಲೇಜಿಗೆ ಹೋಗುತ್ತೇನೆ ಅಂದೆ. ಬೇಡ ಅನ್ನಲಿಲ್ಲ. ನನ್ನ ಸೊಂಟ, ಮಗಳ ಪರೀಕ್ಷೆ, ತಮ್ಮ ಬಿಪಿ, ಒಂದನ್ನೂ ನಾನು ಮರೆಯಬಾರದು ಅಂತ ಮೂರು ಹೊತ್ತೂ ನೆನಪು ಮಾಡಿಕೊಟ್ಟರು. ಇಷ್ಟು ದೊಡ್ಡ ಮನಸ್ಸು ಬೇರೆ ಯಾವ ಹೆಂಗಸಿಗೂ ತಡೆದುಕೊಳ್ಳಲಿಕ್ಕೆ ಆಗಲಿಕ್ಕಿಲ್ಲ. ಇವರು ಬೇಡ ಅನ್ನಲಿಲ್ಲ, ಅದಕ್ಕೇ ನಾಳೆಯಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ನಿಮ್ಮೆಲ್ಲರ ಎದುರಿನಲ್ಲಿ ಇವರಿಗೆ ನಮಸ್ಕಾರ ಮಾಡುತ್ತೇನೆ."

ನಮಸ್ಕಾರವನ್ನೂ ಮಾಡಿದಳು. ಹಾಲಿಗೆ ಹಾಲೇ ಎದ್ದು ಚಪ್ಪಾಳೆ ತಟ್ಟಿತು. ಎಂಥ ಗಂಡ, ಎಂಥ ವಿನಯದ ಹೆಂಡತಿ! ಅಧ್ಯಕ್ಷರು ಕಣ್ಣು ಒರೆಸಿಕೊಂಡು, ನಾಳೆಯೇ ಸೇರುವುದಂತೆ, ನಮ್ಮ ಸಮಾಜಕ್ಕೆ ಇಂಥ ಗಂಡಂದಿರು ಬೇಕು ಎಂದು ಪಪ್ಪನ ಹೆಗಲಿಗೆ ಇನ್ನೊಂದು ಶಾಲು ಹೊದಿಸಿದರು. ಪ್ರತಿ ಭಾನುವಾರ ಇದೇ ವಿದ್ಯೆಗೆ ಬಿದ್ದು ಬಿದ್ದು ನಗುತ್ತಿದ್ದ ಸಭೆ ಅದು. ರಾಜನಿಗೆ ದೂತ ಹೇಳಿದರೆ ಅರ್ಥವಾಗುತ್ತದೆ. ಗಂಡನಿಗೆ ಹೆಂಡತಿ ಹೇಳಬಹುದು ಎಂಬುದು ಮಾತ್ರ ಅವರ ಕನಸಿಗೂ ಬರಲಿಲ್ಲ. ಹಿಂದಿನ ಸಾಲಿನ ಹೆಂಗಸರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅವರಿಗೆ ಅರ್ಥವಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಪಪ್ಪನಿಗೆ ಪೂರ್ತಿ ಅರ್ಥವಾಗಿತ್ತು. ಪೇಟದ ಕೆಳಗೆ ಅವರ ಮುಖ ಕೆಂಪೇರಿತ್ತು. ಎರಡು ಶಾಲು ಹೊದ್ದು ನಗುತ್ತ ನಿಂತಿದ್ದರು, ಬೇರೆ ದಾರಿಯೇ ಇರಲಿಲ್ಲ.

ಮನೆಗೆ ಬರುವಾಗ ರಿಕ್ಷಾದಲ್ಲಿ ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲಿತ್ತು.  ಸ್ಟೇಷನ್ ದಾಟಿದ ಮೇಲೆ ಪಪ್ಪ ಕೇಳಿದರು.

"ಎಂತ ಸ್ವರ ಅದು, ಸಭೆಯಲ್ಲಿ?"

"ಯಾವ ಶಬ್ದ ತಪ್ಪಾಯಿತು ಹೇಳಿ" ಎಂದಳು ಅಮ್ಮ. "ನೀವು ಬಲ್ಲವರು."

ಪಪ್ಪ ಹೊರಗೆ ನೋಡಿದರು. ಸೋಮವಾರ ಬೆಳಿಗ್ಗೆ ಅಮ್ಮ ನೀರುದೋಸೆ ಹೊಯ್ದು, ಚಟ್ನಿ ಅರೆದು, ನನ್ನ ಡಬ್ಬಿ ಕಟ್ಟಿ, ಕಾಟನ್ ಸೀರೆ ಉಟ್ಟು ವಾಶಿಗೆ ಹೋದಳು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಅಮ್ಮನಿಗೆ ಸಿಕ್ಕಿದ್ದು ಕೆಲಸ. ಕೀರ್ತಿ ಸಿಕ್ಕಿದ್ದು ಯಾರಿಗೆ? ಅವತ್ತಿನಿಂದ ಪಪ್ಪ ಹೆಂಡತಿಯನ್ನು ಪ್ರೊಫೆಸರ್ ಮಾಡಿದವರು. ಮದುವೆಮನೆಯಲ್ಲಿ ಅದೇ ಮಾತು, ಸಂಘದ ಸಭೆಯಲ್ಲಿ ಅದೇ ಮಾತು. ಬರಬರುತ್ತ ಪಪ್ಪನೂ ಅದನ್ನು ನಂಬಿದರು. ಅಮ್ಮ ಕತ್ತಲಿರುವಾಗಲೇ ಎದ್ದು ಅಡುಗೆ ಮುಗಿಸಿ ಓಡಿದಳು, ಸಂಜೆ ಠಾಣೆಯ ಸೇತುವೆಯಲ್ಲಿ ನೂಕಿಸಿಕೊಂಡು ಬಂದು ಮತ್ತೆ ಒಲೆ ಹಚ್ಚಿದಳು. ಇಷ್ಟು ವರ್ಷದಲ್ಲಿ ಪಪ್ಪ ತಾವು ಉಂಡ ತಟ್ಟೆಯನ್ನು ಪಾತ್ರೆ ತೊಳೆಯುವ ಮೋರಿಯವರೆಗೆ ಒಯ್ದದ್ದು ನಾನು ನೋಡಿಲ್ಲ. ನಾನು ಕುದಿದರೆ ಅಮ್ಮ ನಗುತ್ತಿದ್ದಳು. ಚಪ್ಪಾಳೆ ಅವರು ಇಟ್ಟುಕೊಳ್ಳಲಿ, ಟ್ರೇನಿನ ಪಾಸು ನನ್ನ ಪರ್ಸಿನಲ್ಲಿದೆ ಎನ್ನುತ್ತಿದ್ದಳು. ನನಗೆ ಅಷ್ಟು ಸಾಲುತ್ತಿರಲಿಲ್ಲ.

ಪಪ್ಪನಿಗೆ ಅರವತ್ತಾದಾಗ ಠಾಣೆಯ ಒಂದು ಹಾಲಿನಲ್ಲಿ ಅಭಿನಂದನೆ ಇಟ್ಟರು. ನಾನಾಗ ಕೆಲಸಕ್ಕೆ ಸೇರಿ ಕೆಲವು ವರ್ಷವಾಗಿತ್ತು. ನಿರೂಪಕರು ಮತ್ತೆ ಅದನ್ನೇ ಹಾಡಿದರು, ಹೆಂಡತಿಯನ್ನು ದುಡಿಯಲು ಕಳಿಸಿದ ದೊಡ್ಡ ಮನಸ್ಸು ಇತ್ಯಾದಿ. ಮಗಳು ಎರಡು ಮಾತು ಹೇಳಬೇಕು ಎಂದು ಮೊದಲೇ ತಿಳಿಸಿದ್ದರು. ನಾನು ತಯಾರಾಗಿಯೇ ಬಂದಿದ್ದೆ. ಅಪ್ಪನ ವಿದ್ಯೆ, ಅಮ್ಮನ ಪಾಠ, ಎರಡೂ ರಕ್ತದಲ್ಲಿವೆ. ಹೊಗಳಿ ಹೊಗಳಿ ಮುಗಿಸಿಬಿಡುತ್ತೇನೆ ಎಂದು ಪಕ್ಕದಲ್ಲಿ ಕುಳಿತ ಅಮ್ಮನ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಕೈ ಹಿಡಿದಳು.

"ಅದು ಬೇಡ. ಆವತ್ತು ನನಗೆ ಸೀದಾ ಹೇಳಲಿಕ್ಕೆ ಜಾಗ ಇರಲಿಲ್ಲ, ಅದಕ್ಕೆ ಸುತ್ತಿ ಹೇಳಿದೆ. ಕೇಳಿದವರು ಅವರಿಗೆ ಶಾಲು ಹೊದಿಸಿದರು. ನಿನಗೆ ಆ ಕರ್ಮ ಯಾಕೆ? ಸೀದಾ ಹೇಳು."

"ಸ್ವರ?" ಎಂದೆ.

"ನಿನ್ನದೇ ಸ್ವರದಲ್ಲಿ ಹೇಳು."

ಮೇಲೆ ಹೋಗಿ ಮೈಕು ಹಿಡಿದೆ. ಪಪ್ಪ ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು.  ಪಪ್ಪ ನನಗೆ ಮಾತು ಕಲಿಸಿದರು, ಅದಕ್ಕೆ ನಾನು ಋಣಿ ಎಂದೆ. ಅದು ನಿಜ, ಅದನ್ನು ನಿಜವಾಗಿಯೇ ಹೇಳಿದೆ. ಆಮೇಲೆ ಹೇಳಿದೆ.

"ಪಪ್ಪ ಅಮ್ಮನನ್ನು ಕೆಲಸಕ್ಕೆ ಕಳಿಸಲಿಲ್ಲ. ತಡೆದರು. ಬೇಡ ಅನ್ನುವ ಒಂದು ಶಬ್ದ ಬಿಟ್ಟು ಬೇರೆ ಎಲ್ಲದರಿಂದಲೂ ತಡೆದರು. ಅಮ್ಮ ತಾನೇ ಹೋದಳು."

ಮೈಕು ಇಟ್ಟು ಬಂದು ಅಮ್ಮನ ಪಕ್ಕ ಕುಳಿತೆ. ಹಾಲಿನಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಈ ಸಲ ಎಲ್ಲರಿಗೂ ಅರ್ಥವಾಗಿತ್ತು.